ಡೌನ್‌ಲೋಡ್ ಕೊಂಡಿ ಯಾವುದು, ಜಾಹೀರಾತು ಯಾವುದು ಎಂಬುದು ಓದುಗರಿಗೆ ತಿಳಿಯುವಂತೆ ಮಾಡುವುದು ಹೇಗೆ?

ಹಳೆಪತ್ರಿಕೆ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ಉಚಿತವಾಗಿ ಕೊಡುವ ಪುಟ್ಟ ಕನ್ನಡ ಜಾಲತಾಣವೊಂದನ್ನು ನಡೆಸುತ್ತಿದ್ದೇನೆ. ಅದರ ಖರ್ಚು ತೂಗಿಸಲು ಜಾಹೀರಾತನ್ನು ಬಿಟ್ಟರೆ ನನಗೆ ಬೇರೆ ದಾರಿಯಿಲ್ಲ. ಕಳೆದ ವಾರ ವಿದ್ಯಾರ್ಥಿನಿಯೊಬ್ಬಳ ತಂದೆ ಫೋನ್ ಮಾಡಿ, ಗಣಿತದ ಪ್ರಶ್ನೆಪತ್ರಿಕೆಗೆಂದು ಮಗಳು ಹಸಿರು ಬಣ್ಣದ ‘ಡೌನ್‌ಲೋಡ್’ ಗುಂಡಿ ಒತ್ತಿದಳೆಂದೂ, ಪತ್ರಿಕೆಯ ಬದಲು ಯಾವುದೋ ಆ್ಯಪ್ ಫೋನಿನಲ್ಲಿ ಬಂದು ಕುಳಿತಿದೆಯೆಂದೂ ಬೇಸರದಿಂದ ಹೇಳಿದರು. ಪುಟ ತೆರೆದು ನೋಡಿದರೆ, ಆ ಗುಂಡಿ ಇದ್ದದ್ದು ಜಾಹೀರಾತಿನೊಳಗೆ. ನನ್ನ ನಿಜವಾದ ಕೊಂಡಿ ಅದರ ಕೆಳಗೆ ಸಣ್ಣ ಅಕ್ಷರದಲ್ಲಿತ್ತು; ಎರಡಕ್ಕೂ ಒಂದೇ ಅಗಲ, ಒಂದೇ ಬಿಳಿ ಹಿನ್ನೆಲೆ. ಹುಡುಗಿಯ ತಪ್ಪು ಏನೂ ಇಲ್ಲ, ತಪ್ಪು ನನ್ನ ಪುಟದ್ದು. ಜಾಹೀರಾತಿನ ಹಿನ್ನೆಲೆಯ ಬಣ್ಣ ಬದಲಿಸಿದರೆ ಸಾಕೇ? ಅದರ ಮೇಲೆ ಯಾವ ಪದ ಬರೆಯಬೇಕು? ಕಾನೂನು ಏನನ್ನು ಕೇಳುತ್ತದೆ?

ಪುಟವಿನ್ಯಾಸ:
ಬಣ್ಣವೊಂದನ್ನೇ ನಂಬಬೇಡಿ. ಗೂಗಲ್ ಹುಡುಕಾಟದಲ್ಲಿ ಮೊದಲು ಜಾಹೀರಾತುಗಳ ಹಿಂದೆ ತಿಳಿಬಣ್ಣ ಇರುತ್ತಿತ್ತು. ಆಮೇಲೆ ಬಣ್ಣ ಹೋಗಿ ಹಳದಿ ಗುರುತು, 2016ರಲ್ಲಿ ಹಸಿರು ಗುರುತು ಬಂದವು. 2020ರ ಜನವರಿಯಲ್ಲಿ ಗುರುತು ಕಪ್ಪು ಅಕ್ಷರಕ್ಕೆ ಇಳಿದಾಗ, ಜಾಹೀರಾತಿಗೂ ಫಲಿತಾಂಶಕ್ಕೂ ವ್ಯತ್ಯಾಸವೇ ಕಾಣುತ್ತಿಲ್ಲವೆಂಬ ಟೀಕೆ ಜೋರಾಗಿ ಎದ್ದಿತು. ಅದಕ್ಕೂ ಮುಂಚೆ, 2013ರಲ್ಲೇ, ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಹುಡುಕಾಟದ ಕಂಪನಿಗಳಿಗೆ ಪತ್ರ ಬರೆದು, ಹಿನ್ನೆಲೆಯ ಬಣ್ಣ ಕಣ್ಣಿಗೆ ಬೀಳದಷ್ಟು ತೆಳುವಾಗುತ್ತಿದೆಯೆಂದು ಎಚ್ಚರಿಸಿ, ಎದ್ದು ಕಾಣುವ ಬಣ್ಣ ಅಥವಾ ಅಂಚಿನ ಜೊತೆಗೆ ಸ್ಪಷ್ಟವಾದ ಪದವೂ ಇರಬೇಕೆಂದು ಸೂಚಿಸಿತ್ತು.

ನಿಮ್ಮ ಪುಟದಲ್ಲಿ ನಾನಾದರೆ ಮೊದಲು ಸರಿಪಡಿಸುವುದು ಜಾಹೀರಾತನ್ನಲ್ಲ, ನಿಮ್ಮ ಕೊಂಡಿಯನ್ನು. ‘ಡೌನ್‌ಲೋಡ್’ ಎಂಬ ಒಂಟಿ ಪದವನ್ನು ಯಾವ ಜಾಹೀರಾತು ಬೇಕಾದರೂ ಬರೆದುಕೊಳ್ಳಬಹುದು. ಆದರೆ ‘ಗಣಿತ, 2023, ಕನ್ನಡ ಮಾಧ್ಯಮ, ಪಿಡಿಎಫ್, 2 ಎಂಬಿ’ ಎಂದು ಬರೆಯುವುದು ಅದಕ್ಕೆ ಸಾಧ್ಯವಿಲ್ಲ, ಏಕೆಂದರೆ ಓದುಗ ಯಾವ ಪತ್ರಿಕೆ ಹುಡುಕಿಕೊಂಡು ಬಂದಿದ್ದಾನೆಂಬುದು ಅದಕ್ಕೆ ತಿಳಿದಿರುವುದಿಲ್ಲ. ಈ ಕೊಂಡಿಯನ್ನು ಶೀರ್ಷಿಕೆಯ ಕೆಳಗೇ ದೊಡ್ಡದಾಗಿಡಿ, ಜಾಹೀರಾತು ಅದರಿಂದ ಸಾಕಷ್ಟು ದೂರವಿರಲಿ. ಇನ್ನೊಂದು ಮಾತು: ಜಾಹೀರಾತು ತಡವಾಗಿ ತೆರೆದುಕೊಂಡಾಗ ಪುಟ ಕೆಳಕ್ಕೆ ಜಾರಿ, ಕೊಂಡಿಯ ಮೇಲೆ ಇಡಲು ಹೋದ ಬೆರಳು ಜಾಹೀರಾತಿನ ಮೇಲೆ ಬೀಳುತ್ತದೆ. ಜಾಹೀರಾತಿಗೆ ಬೇಕಾದ ಎತ್ತರವನ್ನು ಮೊದಲೇ ಖಾಲಿ ಬಿಟ್ಟರೆ ಈ ತೊಂದರೆ ತಪ್ಪುತ್ತದೆ.

ಗ್ರಾಹಕಪರ:
ಕಾನೂನಿನ ಮಾತಿಗೆ ಬರುತ್ತೇನೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿಯಲ್ಲಿ 13 ಬಗೆಯ ಮೋಸದ ವಿನ್ಯಾಸಗಳ ಪಟ್ಟಿಯಿದ್ದು, ಸುದ್ದಿಯಂತೆಯೋ ಬಳಕೆದಾರರ ಬರಹದಂತೆಯೋ ವೇಷ ಹಾಕಿ, ಪುಟದಲ್ಲಿ ಬೆರೆತು, ಜನರಿಂದ ಒತ್ತಿಸಿಕೊಳ್ಳುವ ಜಾಹೀರಾತು ಅವುಗಳಲ್ಲೊಂದು. ಮಾರಾಟಗಾರರೋ ಜಾಹೀರಾತುದಾರರೋ ತಾವೇ ಹಾಕಿದ ಬರಹವು ಜಾಹೀರಾತೆಂದು ತಿಳಿಸುವ ಹೊಣೆ ಅವರದೇ ಎಂದೂ ಅದು ಹೇಳುತ್ತದೆ. ಹಾಗೆಂದು ತಾಣ ನಡೆಸುವವರು ಕೈಕಟ್ಟಿ ಕೂರುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಮಕ್ಕಳು ನಂಬಿ ಬರುವುದು ನಿಮ್ಮ ಪುಟಕ್ಕೆ. ನೀವು ಗೂಗಲ್‌ನ ಜಾಹೀರಾತು ಸೇವೆಯಾದ ಆ್ಯಡ್‌ಸೆನ್ಸ್ ಬಳಸುವವರಾದರೆ, ಜಾಹೀರಾತಿನ ಮೇಲೆ ‘ಉಪಯುಕ್ತ ಕೊಂಡಿಗಳು’ ಎಂಬಂಥ ದಾರಿತಪ್ಪಿಸುವ ಶೀರ್ಷಿಕೆ ಹಾಕುವುದಕ್ಕೆ ಅಲ್ಲಿ ನಿಷೇಧವಿದೆ, ನಿರ್ದಿಷ್ಟ ಜಾಹೀರಾತುದಾರರನ್ನು ತಡೆಯುವ ಸೌಲಭ್ಯವೂ ಇದೆ.

ಕಿವಿಯೋದು:
ನಾನು ಅಂಧ. ಸ್ಕ್ರೀನ್ ರೀಡರ್ ಓದಿ ಹೇಳಿದ್ದನ್ನು ಕೇಳಿ ಜಾಲತಾಣಗಳನ್ನು ಬಳಸುತ್ತೇನೆ. ಬಣ್ಣ, ಅಂಚು, ಖಾಲಿ ಜಾಗ ಯಾವುದೂ ನನ್ನನ್ನು ತಲುಪುವುದಿಲ್ಲ. ‘ಜಾಹೀರಾತು’ ಎಂಬ ಪದ ಚಿತ್ರದೊಳಗೆ ಸೇರಿಕೊಂಡಿದ್ದರೆ ಅದೂ ತಲುಪುವುದಿಲ್ಲ. ಆದ್ದರಿಂದ ಜಾಹೀರಾತಿಗಿಂತ ಮೊದಲು ‘ಜಾಹೀರಾತು ಆರಂಭ’ ಎಂದೂ, ಮುಗಿದ ಮೇಲೆ ‘ಜಾಹೀರಾತು ಮುಗಿಯಿತು’ ಎಂದೂ ನಿಜವಾದ ಅಕ್ಷರಗಳಲ್ಲಿ ಬರೆಯಿರಿ. ಎಲ್ಲಿ ಮುಗಿಯಿತೆಂದು ಬರೆಯುವವರು ಬಹಳ ಕಡಿಮೆ, ನನಗೆ ಹೆಚ್ಚು ಬೇಕಾದದ್ದು ಅದೇ. ಪದದ ವಿಚಾರದಲ್ಲಿ, ‘ಪ್ರಾಯೋಜಿತ’ ಎಂದರೆ ನಮ್ಮ ತಾಯಿಗೆ ಅರ್ಥವಾಗದು. ‘ಜಾಹೀರಾತು’ ಎಂದರೆ ರೇಡಿಯೊ ಕೇಳಿದವರಿಗೆಲ್ಲ ಗೊತ್ತು.

ಹಳೆಪತ್ರಿಕೆ:
ಮೂವರಿಗೂ ಧನ್ಯವಾದಗಳು. ಕೊಂಡಿಯನ್ನು ಮೇಲಕ್ಕೆ ತಂದು ಅದರಲ್ಲಿ ವಿಷಯ, ವರ್ಷ, ಗಾತ್ರ ಬರೆದಿದ್ದೇನೆ. ಜಾಹೀರಾತಿನ ಸುತ್ತ ದಪ್ಪ ಅಂಚು ಎಳೆದು, ಆರಂಭ ಮತ್ತು ಅಂತ್ಯದ ಸಾಲುಗಳನ್ನು ಕನ್ನಡದಲ್ಲೇ ಸೇರಿಸಿದ್ದೇನೆ. ಸಂಜೆ ಆ ತಂದೆಗೆ ಫೋನ್ ಮಾಡಿ, ಹೊಸ ಪುಟವನ್ನು ಮಗಳ ಕೈಯಲ್ಲೇ ತೆರೆಸಿ, ಅವಳು ಮೊದಲು ಏನನ್ನು ಒತ್ತುತ್ತಾಳೆಂದು ನೋಡಿ ಹೇಳುವಂತೆ ಕೇಳಿಕೊಳ್ಳುತ್ತೇನೆ.