ಕೊರಡಿನ ಮೇಲಿನ ಕಿತ್ತಳೆ ಅಣಬೆ: ತಜ್ಞೆಗೆ ಪ್ರಶ್ನೆಗಳು

ಸದಸ್ಯ 1: ಮೇಡಂ, ಒಣಕೊಂಬೆಯಲ್ಲಿ ಉಗುರಗಲದ ಕಿತ್ತಳೆ ಅಣಬೆಗಳು ಎದ್ದಿವೆ. ಟೋಪಿಯ ತುಂಬ ಮೆದು ಮುಳ್ಳು, ಅಡಿಯಲ್ಲಿ ಬಿಳಿ ಕಿವಿರು, ಅಂದರೆ ತೆಳು ಪದರಗಳು. ಯಾವುದಿದು?

ತಜ್ಞೆ: ಚಿತ್ರ ನೋಡಿದರೆ ಸಿಪ್ಟೊಟ್ರಾಮಾ ಆಸ್ಪ್ರೇಟಾ. ಎಳೆಯದಾಗಿದ್ದಾಗ ಪುಟ್ಟ ಮುಳ್ಳುಹಂದಿಯಂತಿರುತ್ತದೆ. ಮಳೆ ಹೊಡೆದರೆ ಮುಳ್ಳು ಉದುರಿ, ಬಣ್ಣ ಹಳದಿಗಿಳಿಯುತ್ತದೆ. ಆಗ ಒಂದೇ ಕೊರಡಿನಲ್ಲಿ ಎರಡು ಜಾತಿ ಬೆಳೆದಂತೆ ಕಾಣುತ್ತದೆ, ಮೋಸಹೋಗಬೇಡಿ.

ಸದಸ್ಯ 2: ತಿನ್ನಬಹುದೇ?

ತಜ್ಞೆ: ಬೇಡ.

ಸದಸ್ಯೆ 3: ಮರಕ್ಕೆ ರೋಗ ತಗಲುತ್ತದೆಯೇ?

ತಜ್ಞೆ: ಇದು ಸತ್ತ ಕಟ್ಟಿಗೆಯನ್ನು ಕೊಳೆಸಿ ಬದುಕುವ ಶಿಲೀಂಧ್ರ. ಕೊಂಬೆ ಸತ್ತ ಮೇಲೆ ಇದು ಬಂದಿದೆ.

ಸದಸ್ಯ 4: ಬಣ್ಣದ್ದೆಲ್ಲ ವಿಷ, ಬಿಳಿಯದು ತಿನ್ನಬಹುದು ಎಂದು ನಮ್ಮಜ್ಜ ಹೇಳುತ್ತಿದ್ದರು.

ಸದಸ್ಯೆ 3: ಅತಿ ಘೋರ ವಿಷದ ಅಣಬೆಗಳಲ್ಲಿ ಅಚ್ಚಬಿಳಿಯವೂ ಇವೆ. ಅಜ್ಜನ ಹೆಸರಿನಲ್ಲಿ ಜನರನ್ನು ಕೊಲ್ಲಬೇಡಿ.

ಸದಸ್ಯ 4: ಹಿರಿಯರ ಬಗ್ಗೆ ಮಾತು ಹಿಡಿತದಲ್ಲಿರಲಿ.

ಸದಸ್ಯ 5: ಅಕ್ಕನ ಮಗ ನಿನ್ನೆ ಮಧ್ಯಾಹ್ನ ಕೊರಡಿನಿಂದ ಇಂಥದೇ ಎರಡು ಕಿತ್ತು ತಿಂದ. ರಾತ್ರಿ ಹತ್ತಕ್ಕೆ ವಾಂತಿ, ಭೇದಿ. ಈಗ ಆಡಿಕೊಂಡಿದ್ದಾನೆ. ಉಳಿದ ಅಣಬೆಯ ಚಿತ್ರ ಹಾಕಿದ್ದೇನೆ. ಇನ್ನು ಚಿಂತೆಯಿಲ್ಲ ತಾನೇ?

ತಜ್ಞೆ: ಈಗಲೇ ಆಸ್ಪತ್ರೆಗೆ ಹೊರಡಿ, ಉಳಿದುದನ್ನು ದಾರಿಯಲ್ಲಿ ಓದಿ. ಇದು ಮೇಲಿನ ಅಣಬೆಯಲ್ಲ. ಕಿವಿರು ತುಕ್ಕಿನ ಬಣ್ಣದ್ದು, ಕಾಂಡದಲ್ಲಿ ಉಂಗುರದ ಗುರುತಿದೆ. ಕೊರಡಿನ ಮೇಲೆಯೇ ಬೆಳೆಯುವ ಗ್ಯಾಲರಿನಾ ಮಾರ್ಜಿನಾಟಾ ಇರಬಹುದು. ಚಿತ್ರ ನೋಡಿ ಅಲ್ಲವೆನ್ನುವ ಧೈರ್ಯ ನನಗಿಲ್ಲ. ಅದರಲ್ಲಿರುವ ಅಮಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಹಾಳುಮಾಡುತ್ತದೆ. ಈ ವಿಷದಲ್ಲಿ ಆಗುವಂತೆ ತಡವಾಗಿ, ತಿಂದು 6 ಗಂಟೆ ಕಳೆದ ಮೇಲೆ ವಾಂತಿ ಶುರುವಾಗಿದೆ ಎಂಬುದೇ ನನ್ನ ಭಯ. ನಡುವೆ ಒಂದು ದಿನ ಮಗು ಚೇತರಿಸಿಕೊಂಡಂತೆ ಕಾಣುತ್ತದೆ, ಒಳಗೆ ಯಕೃತ್ತು ಸೋಲುತ್ತಿರುತ್ತದೆ. ಆಡುತ್ತಿದ್ದಾನೆ ಎಂದು ಕಾಯಬೇಡಿ. ಉಳಿದ ಅಣಬೆಯನ್ನು ಪ್ಲಾಸ್ಟಿಕ್‌ನಲ್ಲಿ ಅಲ್ಲ, ಕಾಗದದಲ್ಲಿ ಸುತ್ತಿ ಒಯ್ಯಿರಿ. ತಿಂದ ಹೊತ್ತು, ವಾಂತಿಯಾದ ಹೊತ್ತು ಎರಡನ್ನೂ ವೈದ್ಯರಿಗೆ ಹೇಳಿ.

ಸದಸ್ಯ 6: ಮೊದಲು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ. ಅಣಬೆಗೆ ಬೆಳ್ಳುಳ್ಳಿ, ಬೆಳ್ಳಿಚಮಚ ಹಾಕಿ ಬೇಯಿಸಿದಾಗ ಅವು ಕಪ್ಪಾಗದಿದ್ದರೆ ವಿಷವಿಲ್ಲ. ಹತ್ತು ಗುಂಪಿಗೆ ಕಳಿಸಿ.

ತಜ್ಞೆ: ಒಂದು ಗುಂಪಿಗೂ ಕಳಿಸಬೇಡಿ. ಉಪ್ಪುನೀರು ಮಗುವಿಗೆ ಇನ್ನೊಂದು ಅಪಾಯ. ಈ ವಿಷ ಬೇಯಿಸಿದರೂ ಹೋಗದು, ಬೆಳ್ಳುಳ್ಳಿಗೂ ಬೆಳ್ಳಿಚಮಚಕ್ಕೂ ಅದು ಗೊತ್ತಾಗದು. ಅಳಿಸಿ.

ಸದಸ್ಯ 6: ಒಳ್ಳೆಯದಕ್ಕೇ ಹೇಳಿದೆ. ಓದಿದವರಿಗೆ ಸೊಕ್ಕು.

ಸದಸ್ಯೆ 3: ಮಗು ಆಸ್ಪತ್ರೆಗೆ ಹೋಗುವ ಹೊತ್ತಿನಲ್ಲಿ ನಿಮ್ಮ ಮಾನದ ಚಿಂತೆಯೇ?

ಸದಸ್ಯ 7: ಇದನ್ನು ಮನೆಯಲ್ಲಿ ಬೆಳೆಸುವುದು ಹೇಗೆ?

ಸದಸ್ಯ 8: ಕಿತ್ತಳೆ ಅಣಬೆ ತಿನ್ನಬಹುದೇ?

ತಜ್ಞೆ: ಮೇಲೆ ಓದಿ.

ಸದಸ್ಯ 5: ದಾಖಲಿಸಿಕೊಂಡರು. ರಕ್ತ ತೆಗೆದಿದ್ದಾರೆ. ಅಣಬೆ ಕೊಟ್ಟೆ.

ತಜ್ಞೆ: ಅದೇ ಕೊರಡಿನಿಂದ ಬೇರೆ ಮಕ್ಕಳು ತಿಂದಿದ್ದಾರೆಯೇ? ಕೇಳಿ ತಿಳಿಸಿ. ಉಳಿದವರು ಸ್ವಲ್ಪ ಹೊತ್ತು ಸುಮ್ಮನಿರಿ.

ಸದಸ್ಯ 2: ಒಣಗಿಸಿ ತಿಂದರೆ?