ಹಳೇ ಆಟೋಮ್ಯಾಟಿಕ್ ಕಾರು, ಡಿ ಹಾಕಿದರೆ ತಡವಾಗಿ ಹಿಡಿಯುತ್ತದೆ

ನನ್ನದು 2009ರ ಪೆಟ್ರೋಲ್ ಆಟೋಮ್ಯಾಟಿಕ್, 1,90,000 ಕಿ.ಮೀ. ಓಡಿದೆ. ಬೆಳಿಗ್ಗೆ ಡಿ (ಮುಂದೆ ಹೋಗುವ ಗೇರ್) ಹಾಕಿದರೆ ಎರಡು ಸೆಕೆಂಡ್ ಸುಮ್ನೆ ಇದ್ದು ಆಮೇಲೆ ಧಡ್ ಅಂತ ಹಿಡಿಯುತ್ತದೆ. ನೆಲಮಂಗಲ ದಾಟಿ 70ರಲ್ಲಿ ಹೋಗುವಾಗ ನಡುಕ ಬೇರೆ. ಗ್ಯಾರೇಜಿನವರು ನೋಡಿದ ಕೂಡಲೇ ಗೇರ್‌ಬಾಕ್ಸ್ ಇಳಿಸಬೇಕು ಅಂದರು. ಅಪ್ಪನ ಕಾರು, ಮಾರಲು ಮನಸ್ಸಿಲ್ಲ. ಮೊದಲು ಏನು ನೋಡಲಿ?

ಉತ್ತರ 1:
ಈಗಲೇ ಇಳಿಸಬೇಡಿ! ಮೊದಲು ಗೇರ್ ಆಯಿಲ್ ನೋಡಿ. ಹೆಚ್ಚಿನ ಕಾರುಗಳಲ್ಲಿ ಬಿಸಿಯಾದ ಮೇಲೆ ಇಂಜಿನ್ ಆನ್ ಇಟ್ಟೇ ಅಳೆಯಬೇಕು, ಕೆಲವದರಲ್ಲಿ ಆಫ್ ಮಾಡಿ, ಮ್ಯಾನ್ಯುಯಲ್ ಓದಿ. ಕಡಿಮೆ ಇದ್ದರೂ ಹೀಗೆ ತಡವಾಗಿ ಹಿಡಿಯುತ್ತದೆ, ಸೋರಿಕೆ ಹುಡುಕಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗೆ ಕ್ಲಚ್ ಪ್ಲೇಟ್ ಸವೆದಿರಬಹುದು.

ಉತ್ತರ 2:
70ರ ನಡುಕಕ್ಕೆ ನನಗೆ ಟಾರ್ಕ್ ಕನ್ವರ್ಟರ್ ಲಾಕಪ್ ಮೇಲೇ ಅನುಮಾನ. ಕನ್ವರ್ಟರ್ ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುತ್ತದೆ, ಲಾಕಪ್ ಅಂದರೆ ವೇಗ ಬಂದಾಗ ಅವೆರಡನ್ನೂ ನೇರ ಜೋಡಿಸುವ ಕ್ಲಚ್. ಖಾಲಿ ರಸ್ತೆಯಲ್ಲಿ ನಡುಗುವಾಗ ಆಕ್ಸಿಲರೇಟರ್ ಬಿಡದೆ ಬ್ರೇಕ್ ಪೆಡಲ್ ಹಗುರವಾಗಿ ಮುಟ್ಟಿ, ಲಾಕಪ್ ಬಿಟ್ಟು ನಡುಕ ತಟ್ಟನೆ ನಿಂತರೆ ಬಹುತೇಕ ಅದೇ. ನಿಲ್ಲದಿದ್ದರೆ ಮಿಸ್‌ಫೈರ್ (ಇಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು), ಇಂಜಿನ್ ಮೌಂಟ್ (ಇಂಜಿನ್ ಹಿಡಿದಿಡುವ ರಬ್ಬರ್), ಟೈರ್ ಕಡೆ ನೋಡಿ. ಕಾರಿನ ಕಂಪ್ಯೂಟರ್ ಸ್ಕ್ಯಾನ್ ಕೂಡ ಮಾಡಿಸಿ. ಪಿ0740 ಅನ್ನುವ ಕೋಡ್ ಬಂದರೆ ಲಾಕಪ್ ಸರ್ಕ್ಯೂಟ್ ದೋಷ, ಬರೀ ವೈರಿಂಗ್ ಅಥವಾ ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಆಗಿರಲೂಬಹುದು.

ಉತ್ತರ 3:
ಗೇರ್‌ಬಾಕ್ಸ್ ಅಡಿಯ ಆಯಿಲ್ ಪ್ಯಾನ್ ಬಿಚ್ಚಿಸುವಾಗ ಪಕ್ಕದಲ್ಲೇ ನಿಲ್ಲಿ. ಅದರೊಳಗಿನ ಆಯಸ್ಕಾಂತದ ಮೇಲೆ ನುಣ್ಣನೆ ಬೂದು ಮಡ್ಡಿ ಸ್ವಲ್ಪ ಇದ್ದರೆ ಪರವಾಗಿಲ್ಲ, ಲೋಹದ ಚೂರು ಸಿಕ್ಕರೆ ಮಾತ್ರ ಇಳಿಸಲೇಬೇಕು. ಒಂದು ಸಲ ಡ್ರೇನ್ ಮಾಡಿದರೆ ಹಳೇ ಆಯಿಲ್ ಪೂರ್ತಿ ಬರುವುದಿಲ್ಲ, ಕನ್ವರ್ಟರ್‌ನಲ್ಲಿ ಉಳಿಯುತ್ತದೆ. ಸ್ವಲ್ಪ ಓಡಿಸಿ ಮತ್ತೊಮ್ಮೆ ಮಾಡಿಸಿ.