ನರ್ಸಿನ ತಪ್ಪಿಗೆಲ್ಲ ‘ನಿರ್ಲಕ್ಷ್ಯ’ ಒಂದೇ ಪದ ಸಾಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಮಂಗಳೂರಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಅದಕ್ಕೂ ಮೊದಲು 14 ವರ್ಷ ವಾರ್ಡಿನಲ್ಲೇ ಇದ್ದವಳು. ನರ್ಸಿನ ಕೆಲಸದಲ್ಲಿ ಕಾನೂನು ಏನು ಕೇಳುತ್ತದೆ, ನೀತಿ ಏನು ಕೇಳುತ್ತದೆ ಅಂತ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಪರೀಕ್ಷೆ ಇರುವುದು ಇಂಗ್ಲಿಷಿನಲ್ಲೇ. ಆದರೆ ನಾಳೆ ಈ ಮಕ್ಕಳು ಬೆಳ್ತಂಗಡಿಯಲ್ಲೋ ಕುಂದಾಪುರದಲ್ಲೋ ಸರಕಾರಿ ಆಸ್ಪತ್ರೆಗೆ ಸೇರಿದರೆ, ತಪ್ಪಾದಾಗ ಕಾರಣ ಕೇಳುವ ಮೆಮೊ ಕನ್ನಡದಲ್ಲಿ ಬರುತ್ತದೆ. ಅದಕ್ಕೆ ಉತ್ತರವನ್ನೂ ಕನ್ನಡದಲ್ಲೇ ಬರೆಯಬೇಕು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಒಂದು ಪದದ ಎದುರು ಪೆನ್ನು ನಿಂತಿತು: ನೆಗ್ಲಿಜೆನ್ಸ್.

“ನಿರ್ಲಕ್ಷ್ಯ ಅಂತ ಹಾಕಿ, ಮುಗೀತಲ್ವಾ” ಅಂದರು ಜೊತೆಯವರು. ಪತ್ರಿಕೆಗಳೂ ಅದನ್ನೇ ಬರೆಯುತ್ತವೆ. ನನಗೆ ಮಾತ್ರ ಆ ಪದ ಬರೆಯಲು ಕೈ ಏಳುವುದಿಲ್ಲ. ಕಾರಣ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ನೈಟ್ ಡ್ಯೂಟಿ. ಕೊನೆಯ ಮಂಚದಲ್ಲಿ ಒಬ್ಬರು ಅಜ್ಜಿ ಇದ್ದರು. ಅವರಿಗೆ ತುಳು ಬಿಟ್ಟು ಬೇರೆ ಭಾಷೆ ಬಾರದು. ಡ್ಯೂಟಿಗೆ ಬಂದ ಕೂಡಲೇ ಅವರ ತಲೆ ಬಾಚಿ ಜಡೆ ಹೆಣೆಯುವುದು ನನಗೆ ರೂಢಿಯಾಗಿತ್ತು. ಅವತ್ತು ರಾತ್ರಿ ಎರಡೂವರೆಗೆ “ಮಗಾ, ನೀರ್ ಕೊರ್ಲ” ಅಂದರು. ಸೈಡ್ ರೈಲ್ (ಮಂಚದ ಪಕ್ಕದ ತಡೆಕಂಬಿ) ಇಳಿಸಿ, ಎಬ್ಬಿಸಿ ಕೂರಿಸಿ, ನೀರು ಕುಡಿಸಿದೆ. ಅಷ್ಟರಲ್ಲಿ ಆಚೆ ಮಂಚದವರ ಡ್ರಿಪ್ ನಿಂತಿತು. ಅಜ್ಜಿಯನ್ನು ಮಲಗಿಸಿ ಅತ್ತ ಓಡಿದೆ. ರೈಲ್ ಮೇಲೆ ಏರಿಸಲಿಲ್ಲ. ಹತ್ತು ನಿಮಿಷ ಆಗಿರಲಿಕ್ಕಿಲ್ಲ, ಸ್ಟೀಲಿನ ಲೋಟ ನೆಲಕ್ಕೆ ಬಿದ್ದ ಸದ್ದು ಕೇಳಿತು. ಅದರ ಹಿಂದೆಯೇ ಅಜ್ಜಿ ಬಿದ್ದ ಸದ್ದು. ಎಡಗೈ ಮಣಿಕಟ್ಟಿನ ಮೂಳೆ ಮುರಿದಿತ್ತು.

ಮೂರು ದಿನ ಬಿಟ್ಟು ಮೆಮೊ ಬಂತು. “ತಾವು ರೋಗಿಯನ್ನು ನಿರ್ಲಕ್ಷಿಸಿದ ಕಾರಣ” ಅಂತ ಶುರುವಾಗಿತ್ತು. ತಪ್ಪು ನನ್ನದೇ. ಅದನ್ನು ಅವತ್ತೂ ಒಪ್ಪಿಕೊಂಡೆ, ಇವತ್ತೂ ಒಪ್ಪುತ್ತೇನೆ. ಆದರೆ ಆ ಮಾತು ನಿಜ ಆಗಿರಲಿಲ್ಲ. ಇಡೀ ವಾರ್ಡಿನಲ್ಲಿ ನಾನು ಜಾಸ್ತಿ ನೋಡಿಕೊಂಡದ್ದು ಆ ಅಜ್ಜಿಯನ್ನೇ. ನಾನು ಬಿಟ್ಟದ್ದು ಒಂದು ಕೆಲಸ.

ಪದದ ತೊಂದರೆ ಇಲ್ಲೇ ಇದೆ ಅಂತ ನನಗೆ ಕಾಣುತ್ತದೆ. ಲಕ್ಷ್ಯ ಅಂದರೆ ಗಮನ. ನಮ್ಮ ಕಡೆ ಮಕ್ಕಳಿಗೆ “ಲಕ್ಷ್ಯ ಕೊಟ್ಟು ಓದು” ಅನ್ನುತ್ತೇವೆ. ಹಾಗೆ ಬಿಡಿಸಿ ನೋಡಿದರೆ ನಿರ್ಲಕ್ಷ್ಯ ಅಂದರೆ ಗಮನ ಇಲ್ಲದಿರುವುದು, ಅಷ್ಟೇ. ಆದರೆ ಬಳಕೆಯಲ್ಲಿ ಅದು ಅಷ್ಟಕ್ಕೇ ನಿಂತಿಲ್ಲ. “ಮದುವೆಗೆ ಹೋದರೆ ಮಾತೂ ಆಡಿಸಲಿಲ್ಲ, ನನ್ನನ್ನು ನಿರ್ಲಕ್ಷಿಸಿದರು” ಅನ್ನುವಾಗ ಅದು ಬೇಕೆಂದೇ ಮಾಡಿದ್ದು. ಅಸಡ್ಡೆ, ಉದಾಸೀನ, ತಾತ್ಸಾರ ಇವುಗಳ ಸಾಲಿಗೇ ಅದೂ ಸೇರಿದೆ. ಇವೆಲ್ಲ ಮನಸ್ಸಿನ ಬಗ್ಗೆ ಹೇಳುವ ಪದಗಳು. ‘ನರ್ಸ್ ನಿರ್ಲಕ್ಷ್ಯ’ ಅಂತ ಓದಿದ ಕೂಡಲೇ ಓದುಗರ ಕಣ್ಣಿಗೆ ಬರುವುದು ಮೊಬೈಲ್ ನೋಡುತ್ತಾ ಕೂತ ಹೆಂಗಸು.

ಕಾನೂನು ಕೇಳುವುದು ಬೇರೆ. ನೋಡಿಕೊಳ್ಳುವ ಹೊಣೆ ನಿನಗೆ ಇತ್ತಾ? ಆ ಕೆಲಸ ಬಲ್ಲವರು ಮಾಡುವಷ್ಟು ಜಾಗ್ರತೆ ನೀನು ಮಾಡಿದೆಯಾ? ಮಾಡದ ಕಾರಣಕ್ಕೇ ರೋಗಿಗೆ ಹಾನಿ ಆಯಿತಾ? ನಿನಗೆ ಕನಿಕರ ಇತ್ತಾ ಅನ್ನುವ ಪ್ರಶ್ನೆ ಈ ಮೂರರಲ್ಲಿ ಇಲ್ಲವೇ ಇಲ್ಲ. ಅಳತೆಗೋಲು ಆ ಕಸುಬು ಬಲ್ಲ ಒಬ್ಬ ಸಾಮಾನ್ಯ ನರ್ಸ್. ತುಂಬ ಜಾಣೆಯೂ ಬೇಡ, ದಡ್ಡಿಯೂ ಬೇಡ. ಈ ಅಳತೆ 1957ರ ಬೋಲಮ್ ಅನ್ನುವ ಇಂಗ್ಲೆಂಡಿನ ಮೊಕದ್ದಮೆಯಿಂದ ಬಂದದ್ದು. ನಮ್ಮ ಸುಪ್ರೀಂ ಕೋರ್ಟು 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಅದನ್ನು ಒಪ್ಪಿತು.

ಆ ಪ್ರಕರಣ ಪದದ ದೃಷ್ಟಿಯಿಂದಲೂ ನೋಡುವಂಥದ್ದು. ಪಂಜಾಬಿನಲ್ಲಿ ಉಸಿರಾಟಕ್ಕೆ ಕಷ್ಟಪಡುತ್ತಿದ್ದ ಒಬ್ಬ ರೋಗಿಗೆ ತಂದಿಟ್ಟ ಆಕ್ಸಿಜನ್ ಸಿಲಿಂಡರ್ ಖಾಲಿ ಇತ್ತು ಅನ್ನುವುದು ದೂರು. ಮಗನೇ ಪಕ್ಕದ ಕೋಣೆಯಿಂದ ಇನ್ನೊಂದು ಸಿಲಿಂಡರ್ ತಂದ. ಅದನ್ನು ಜೋಡಿಸುವುದರೊಳಗೆ ಇನ್ನಷ್ಟು ನಿಮಿಷ ಹೋಯಿತು, ರೋಗಿ ತೀರಿಕೊಂಡರು. ಡಾಕ್ಟರ ಮೇಲೆ ಆಗಿನ ದಂಡ ಸಂಹಿತೆಯ 304ಎ ಕಲಮಿನಲ್ಲಿ (ನೆಗ್ಲಿಜೆನ್ಸಿನಿಂದ ಸಾವು) ಕ್ರಿಮಿನಲ್ ಕೇಸು ಆಯಿತು. ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಪರಿಹಾರ ಕೊಡಬೇಕಾದ ತಪ್ಪು ಒಂದು, ಜೈಲಿಗೆ ಕಳಿಸಬೇಕಾದ ತಪ್ಪು ಇನ್ನೊಂದು ಅಂದಿತು. ಕಲಮಿನಲ್ಲಿ ‘ಗ್ರಾಸ್’ (ತೀರಾ ದೊಡ್ಡ ಮಟ್ಟದ) ಅನ್ನುವ ಪದ ಇಲ್ಲ, ಆದರೂ ಅದು ಇದೆ ಅಂತಲೇ ಓದಬೇಕು ಅಂದಿತು. ಕಾನೂನಿನಲ್ಲಿ ಇಲ್ಲದ ಒಂದು ಪದವನ್ನು ಸೇರಿಸಿ ಓದಿದ್ದರಿಂದ ಒಬ್ಬರು ಕಟಕಟೆಯಿಂದ ಕೆಳಗಿಳಿದರು. ಪದಕ್ಕೆ ಎಷ್ಟು ಭಾರ ಇದೆ ನೋಡಿ.

ಕನ್ನಡದಲ್ಲಿ ಇದಕ್ಕೆ ‘ಘೋರ ನಿರ್ಲಕ್ಷ್ಯ’, ‘ತೀವ್ರ ನಿರ್ಲಕ್ಷ್ಯ’ ಅಂತ ಬರೆಯುತ್ತಾರೆ. ಅದು ಸರಿ ಅಂತಲೇ ನನಗೆ ಅನ್ನಿಸುತ್ತದೆ. ಅಲ್ಲಿ ನಿಜಕ್ಕೂ ಲೆಕ್ಕಿಸದೆ ಹೋದದ್ದು ಇರುತ್ತದೆ. ಕೆಳಗಿನ ಮೆಟ್ಟಿಲಿಗೆ ‘ಕಣ್ತಪ್ಪು’ ಇದೆ. ಎಷ್ಟು ಒಳ್ಳೆಯ ಪದ ಅದು! ಆದರೆ ಅದು ಹಗುರ ಆಯಿತು. ಲೆಕ್ಕದ ಪುಸ್ತಕದಲ್ಲಿ ಒಂದು ಸೊನ್ನೆ ಬಿಟ್ಟರೆ ಕಣ್ತಪ್ಪು. ಅಜ್ಜಿಯ ಕೈ ಮುರಿದದ್ದನ್ನು ಕಣ್ತಪ್ಪು ಅಂದರೆ ಅಜ್ಜಿಗೆ ಅನ್ಯಾಯ. ಕಣ್ತಪ್ಪಿಗೂ ನಿರ್ಲಕ್ಷ್ಯಕ್ಕೂ ನಡುವಿನ ಮೆಟ್ಟಿಲಿಗೆ ಏನು ಹೇಳುವುದು? ಅದೇ ನನ್ನ ಪ್ರಶ್ನೆ.

ಹುಡುಕುತ್ತಾ ಹೋದಾಗ ಒಂದು ವಿಚಿತ್ರ ಕಂಡಿತು. ‘ಎಚ್ಚರ ತಪ್ಪುವುದು’ ಅಂತ ಬರೆಯೋಣ ಅಂದರೆ ಆಸ್ಪತ್ರೆಯಲ್ಲಿ ಎಚ್ಚರ ತಪ್ಪುವುದು ರೋಗಿಗೆ. ‘ಹುಷಾರು ತಪ್ಪುವುದು’ ಅಂದರೆ ಕಾಯಿಲೆ ಬೀಳುವುದು. ಜೋಪಾನಕ್ಕೆ ‘ತಪ್ಪು’ ಸೇರಿಸಿ ಯಾರೂ ಮಾತಾಡುವುದನ್ನು ನಾನು ಕೇಳಿಲ್ಲ. ಉಳಿದದ್ದು ಜಾಗ್ರತೆ. ದಕ್ಷಿಣ ಕನ್ನಡದಲ್ಲೂ ಉಡುಪಿಯಲ್ಲೂ ಇದು ದಿನಬಳಕೆಯ ಮಾತು. ಬಸ್ ಹತ್ತುವವರಿಗೆ “ಜಾಗ್ರತೆ ಹೋಗಿ” ಅನ್ನುತ್ತೇವೆ, ದುಡ್ಡನ್ನು “ಜಾಗ್ರತೆ ಮಾಡಿ ಇಡು” ಅನ್ನುತ್ತೇವೆ. ಸಂಸ್ಕೃತದಲ್ಲಿ ಅದರ ಮೂಲ ಅರ್ಥ ಎದ್ದಿರುವುದು, ನಿದ್ದೆ ಮಾಡದಿರುವುದು. ಶಿವರಾತ್ರಿಯ ಜಾಗರಣೆಯೂ ಅದೇ ಬೇರಿನದು. ನೈಟ್ ಡ್ಯೂಟಿ ಮಾಡುವವರ ಪದವೇ ಅದು. ಹಾಗಾಗಿ ಸದ್ಯ ‘ಅಜಾಗ್ರತೆ’ ಅಂತ ಬರೆದಿಟ್ಟಿದ್ದೇನೆ. ಮೆಮೊಗೆ ಉತ್ತರ ಬರೆಯುವಾಗ “ನನ್ನಿಂದ ಜಾಗ್ರತೆ ತಪ್ಪಿದೆ” ಅನ್ನಬಹುದು. ಅದರಲ್ಲಿ ತಪ್ಪಿನ ಒಪ್ಪಿಗೆಯೂ ಇದೆ, ಮನಸ್ಸಿನ ಮೇಲೆ ಆರೋಪವೂ ಇಲ್ಲ.

ಒಂದು ಅನುಮಾನ ಮಾತ್ರ ಉಳಿದಿದೆ. ಬಸ್ಸು ಗುದ್ದಿದ ಸುದ್ದಿಯಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ’ ಅಂತ ಬಂದೂ ಬಂದೂ, ಅಜಾಗ್ರತೆ ಅಂದ ಕೂಡಲೇ ಡ್ರೈವರ್ ನೆನಪಾಗುತ್ತಾನೇನೋ. ಕಾನೂನು ಬಲ್ಲವರು ಇದ್ದರೆ ದಯವಿಟ್ಟು ಹೇಳಿ.

ಕಾನೂನಿನ ಮಾತು ಬಂದಾಗ ಇನ್ನೊಂದು. 2024ರ ಜುಲೈ 1ರಿಂದ 304ಎ ಹೋಗಿ ಭಾರತೀಯ ನ್ಯಾಯ ಸಂಹಿತೆಯ 106(1) ಬಂದಿದೆ. ಅಜಾಗ್ರತೆಯಿಂದ ಸಾವು ಉಂಟುಮಾಡಿದರೆ 5 ವರ್ಷದವರೆಗೆ ಜೈಲು. ಚಿಕಿತ್ಸೆ ಮಾಡುವಾಗ ‘ನೋಂದಾಯಿತ ವೈದ್ಯಕೀಯ ವೃತ್ತಿನಿರತ’ರಿಂದ ಹಾಗೆ ಆದರೆ 2 ವರ್ಷದವರೆಗೆ. ಇದನ್ನು ಹೇಳಿದಾಗ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಮೇಡಂ, ನಾವೂ ಕೌನ್ಸಿಲಿನಲ್ಲಿ ನೋಂದಣಿ ಮಾಡಿಸಿದವರಲ್ವಾ? ನಮಗೂ ಎರಡೇ ವರ್ಷ ಅಲ್ವಾ?” ಅಲ್ಲ ಮಗಾ. ಕಲಮಿನ ವಿವರಣೆಯಲ್ಲಿ ಇರುವುದು ರಾಷ್ಟ್ರೀಯ ವೈದ್ಯಕೀಯ ಆಯೋಗದ 2019ರ ಕಾನೂನು ಒಪ್ಪುವ ಪದವಿ ಪಡೆದು, ವೈದ್ಯರ ಪಟ್ಟಿಯಲ್ಲಿ ಹೆಸರಿರುವವರ ಮಾತು. ನರ್ಸಿಂಗ್ ಕೌನ್ಸಿಲಿನ ಪಟ್ಟಿ ಅದರಲ್ಲಿ ಬರುವುದಿಲ್ಲ. ಅವಳದ್ದೇನೂ ತಪ್ಪಿಲ್ಲ. ‘ವೈದ್ಯಕೀಯ ವೃತ್ತಿನಿರತ’ ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುವವರೆಲ್ಲ ಅಂತಲೇ ಕೇಳಿಸುತ್ತದೆ. ಕೈಪಿಡಿಯಲ್ಲಿ ನಾನು ಸುಮ್ನೆ ‘ಪಟ್ಟಿಯಲ್ಲಿರುವ ಡಾಕ್ಟರು’ ಅಂತ ಬರೆದಿದ್ದೇನೆ.

ಎರಡನೇ ಪ್ರಶ್ನೆ ಸಣ್ಣದು. ಪಾಠದಲ್ಲಿ ರೆಸ್ಪಾನ್ಸಿಬಿಲಿಟಿ ಬೇರೆ, ಅಕೌಂಟಬಿಲಿಟಿ ಬೇರೆ. ಕನ್ನಡದಲ್ಲಿ ಮೊದಲನೆಯದಕ್ಕೆ ಜವಾಬ್ದಾರಿ, ಎರಡನೆಯದಕ್ಕೆ ಉತ್ತರದಾಯಿತ್ವ ಅಂತ ಹಾಕುವುದುಂಟು. ಆದರೆ ಜವಾಬು ಅಂದರೂ ಉತ್ತರವೇ! ಪಾರಸಿಯ ಕಡೆಯಿಂದ ಬಂದ ಪದವನ್ನೇ ಸಂಸ್ಕೃತದಲ್ಲಿ ಇನ್ನೊಮ್ಮೆ ಹೇಳಿದ ಹಾಗಾಯಿತು. ಮಕ್ಕಳು ಎರಡನ್ನೂ ಬಾಯಿಪಾಠ ಮಾಡುತ್ತಾರೆ, ವ್ಯತ್ಯಾಸ ಕೇಳಿದರೆ ತಡವರಿಸುತ್ತಾರೆ.

ವ್ಯತ್ಯಾಸ ಇರುವುದು ಹೀಗೆ. ಬಿ.ಪಿ. ನೋಡಿ ಬರೆಯಲು ಸಿಸ್ಟರ್ ಒಬ್ಬ ವಿದ್ಯಾರ್ಥಿಗೆ ಹೇಳುತ್ತಾರೆ. ಅವಳು ನೋಡದೆಯೇ ಒಂದು ಅಂಕಿ ಬರೆಯುತ್ತಾಳೆ. ಕೆಲಸ ಕೈ ದಾಟಿತು, ಆದರೆ ಅದಕ್ಕೆ ಉತ್ತರ ಹೇಳಬೇಕಾದದ್ದು ಸಿಸ್ಟರ್ ಪಾಲಿಗೇ ಉಳಿಯಿತು. ಈ ಅಕೌಂಟಬಿಲಿಟಿಗೆ ಹೊಂದುತ್ತದೆ ಅಂತ ನನಗೆ ಅನ್ನಿಸಿದ್ದು ‘ಹೊಣೆ’. ಹಳಗನ್ನಡದ ಪೊಣೆ, ಅಂದರೆ ಜಾಮೀನು. ಈಗಲೂ ಸಾಲಕ್ಕೆ ‘ಹೊಣೆ ನಿಲ್ಲುವುದು’ ಅನ್ನುತ್ತೇವಲ್ಲ. ರಕ್ತದ ಚೀಲ ಏರಿಸುವ ಮೊದಲು ಇಬ್ಬರು ನಿಂತು ಹೆಸರು, ಗುಂಪು, ಚೀಲದ ನಂಬರು ಓದಿ ಸಹಿ ಹಾಕುತ್ತೇವೆ. ಎರಡನೇ ಸಹಿಯವಳನ್ನು ನಮ್ಮಲ್ಲಿ ‘ಸಾಕ್ಷಿ’ ಅಂತ ಕರೆಯುವುದುಂಟು. ನನಗೆ ಅದು ಒಪ್ಪುವುದಿಲ್ಲ. ಸಾಕ್ಷಿ ಕಂಡದ್ದನ್ನು ಹೇಳಿ ಮನೆಗೆ ಹೋಗಬಹುದು, ಇವಳಿಗೆ ಅದು ಆಗದು. ಇವಳು ಹೊಣೆ ನಿಂತವಳು. ಹಾಗಾಗಿ “ಕೆಲಸ ಇನ್ನೊಬ್ಬರಿಗೆ ವಹಿಸಬಹುದು, ಹೊಣೆ ವಹಿಸಲು ಬರುವುದಿಲ್ಲ” ಅಂತ ಬರೆದೆ. ಉತ್ತರದಾಯಿತ್ವವನ್ನು ಪೂರ್ತಿ ಬಿಟ್ಟರೆ ಏನಾದರೂ ಕಳೆದುಹೋಗುತ್ತದಾ?

ನಿಮ್ಮ ನಿಮ್ಮ ಊರಿನಲ್ಲಿ ಇಂಥ ತಪ್ಪಿಗೆ ಏನನ್ನುತ್ತಾರೆ ಅಂತ ತಿಳಿಸಿ. ಉತ್ತರ ಕರ್ನಾಟಕದವರು, ಕೊಡಗಿನವರು ಬರೆದರೆ ಇನ್ನೂ ಸಂತೋಷ. ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಬೇರೆ ಮಾತಿದ್ದರೆ ಅದೂ ಬೇಕು, ರೋಗಿಯ ಮನೆಯವರಿಗೆ ಹೇಳುವಾಗ ಕೆಲಸಕ್ಕೆ ಬರುತ್ತದೆ. ಸುಲಭ ಆಗಲಿ ಅಂತ ಕೈಪಿಡಿಯಲ್ಲಿ ಬಿಟ್ಟಿರುವ ವಾಕ್ಯವನ್ನೇ ಇಲ್ಲಿ ಇಡುತ್ತೇನೆ. ಗೆರೆಯ ಜಾಗಕ್ಕೆ ನೀವು ಯಾವ ಪದ ಹಾಕುತ್ತೀರಿ?

“ರಾತ್ರಿ 2.30ಕ್ಕೆ ರೋಗಿಗೆ ನೀರು ಕುಡಿಸಿದ ಮೇಲೆ ಮಂಚದ ಸೈಡ್ ರೈಲ್ ಏರಿಸುವುದರಲ್ಲಿ ನನ್ನಿಂದ ________ ಆಗಿದೆ.”